ವಾಕ್ಯ ಯಂತ್ರದ್ದು, ಉತ್ತರ ಯಾರದ್ದು? ಸಂಶೋಧನಾ ಬರವಣಿಗೆ ಮತ್ತು ಚಾಟ್‌ಬಾಟ್

ಪಿಎಚ್‌.ಡಿ. ಮಹಾಪ್ರಬಂಧ ಸಲ್ಲಿಕೆಯಾಗಿ, ಪರೀಕ್ಷಕರ ವರದಿಗಳು ಬಂದ ಮೇಲೆ ಕೊನೆಯಲ್ಲಿ ಒಂದು ಮೌಖಿಕ ಪರೀಕ್ಷೆ ನಡೆಯುತ್ತದೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಎಲ್ಲರೂ ಅದನ್ನು ವೈವಾ ಎಂದೇ ಕರೆಯುತ್ತಾರೆ. ಹೊರಗಿನಿಂದ ಬಂದ ಪರೀಕ್ಷಕರು ಪ್ರಬಂಧದ ಯಾವುದೋ ಒಂದು ಪುಟವನ್ನು ತೆರೆದು, ಒಂದು ವಾಕ್ಯದ ಮೇಲೆ ಬೆರಳಿಟ್ಟು, "ಇದನ್ನು ಯಾವ ಆಧಾರದ ಮೇಲೆ ಹೇಳಿದ್ದೀರಿ?" ಎಂದು ಕೇಳುತ್ತಾರೆ. ವಿಭಾಗದ ಅಧ್ಯಾಪಕರೂ ಸಹ ಸಂಶೋಧನಾರ್ಥಿಗಳೂ ಕುಳಿತಿರುವ ಆ ಕೋಣೆಯಲ್ಲಿ, ಮಾರ್ಗದರ್ಶಕರು ಅಲ್ಲೇ ಇದ್ದರೂ, ಉತ್ತರ ಅಭ್ಯರ್ಥಿಯ ಬಾಯಿಂದಲೇ ಬರಬೇಕು. ಚಾಟ್‌ಬಾಟ್‌ಗಳ ನೆರವು ಪಡೆದು ಸಂಶೋಧನಾ ಲೇಖನ ಬರೆಯುವುದು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಈ ಕೋಣೆಯಿಂದ ಶುರು ಮಾಡುವುದು ಒಳ್ಳೆಯದು ಎಂದು ನನಗನ್ನಿಸುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ಜಗತ್ತಿನ ದೊಡ್ಡ ಪತ್ರಿಕೆಗಳೂ ಸಂಪಾದಕರ ಸಂಘಟನೆಗಳೂ ಮಾಡಿಕೊಂಡ ನಿಯಮಗಳೆಲ್ಲ ಸುತ್ತಿ ಬಳಸಿ ಬಂದು ನಿಲ್ಲುವುದು ಈ ಒಂದು ಪ್ರಶ್ನೆಯ ಎದುರಿನಲ್ಲೇ: ಬರೆದ ವಾಕ್ಯಕ್ಕೆ ಉತ್ತರ ಕೊಡುವವರು ಯಾರು?

ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಸಿಕ್ಕಿದ್ದು 2022ರ ನವೆಂಬರ್ 30ರಂದು. ಎರಡು ತಿಂಗಳು ತುಂಬುವುದರೊಳಗೆ ಕೆಲವು ಲೇಖನಗಳ ಲೇಖಕರ ಪಟ್ಟಿಯಲ್ಲಿ ಅದರ ಹೆಸರು ಕಾಣಿಸಿಕೊಂಡಿತು. 2023ರ ಜನವರಿಯಲ್ಲಿ 'ನೇಚರ್' ಪತ್ರಿಕೆ ಇಂಥ ಯಾವ ಸಾಧನವನ್ನೂ ಲೇಖಕ ಎಂದು ಒಪ್ಪುವುದಿಲ್ಲ, ಬಳಸಿದ್ದರೆ ಅದನ್ನು ಲೇಖನದಲ್ಲಿ ತಿಳಿಸಬೇಕು ಎಂದು ಪ್ರಕಟಿಸಿತು. 'ಸೈನ್ಸ್' ಪತ್ರಿಕಾ ಬಳಗ ಇನ್ನೂ ಬಿಗಿಯಾಗಿ, ಯಂತ್ರ ಬರೆದ ಪಠ್ಯವೇ ಬೇಡ ಎಂದಿತು. ಅದೇ ವರ್ಷದ ನವೆಂಬರ್ ಹೊತ್ತಿಗೆ ಆ ನಿಷೇಧವನ್ನು ಸಡಿಲಿಸಿ, ಸರಿಯಾಗಿ ಘೋಷಿಸಿಕೊಂಡರೆ ಬಳಸಬಹುದು ಎಂಬಲ್ಲಿಗೆ ಅದೂ ಬಂತು. ಪ್ರಕಟಣಾ ನೀತಿಯನ್ನು ನೋಡಿಕೊಳ್ಳುವ 'ಕೋಪ್' ಸಂಸ್ಥೆ ಫೆಬ್ರವರಿಯಲ್ಲಿ, ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಮೇ ತಿಂಗಳಲ್ಲಿ ಇದೇ ನಿಲುವನ್ನು ತಳೆದವು. ಅವು ಕೊಟ್ಟ ಕಾರಣ ನಮ್ಮ ವೈವಾ ಕೋಣೆಯದ್ದೇ. ಲೇಖಕ ಎನಿಸಿಕೊಳ್ಳುವವರು ಬರೆದದ್ದರ ಹೊಣೆ ಹೊರಬೇಕು, ತಮ್ಮ ಹಿತಾಸಕ್ತಿಗಳನ್ನು ತಿಳಿಸಬೇಕು, ಹಕ್ಕುಸ್ವಾಮ್ಯದ ಪತ್ರಕ್ಕೆ ಸಹಿ ಹಾಕಬೇಕು, ತಪ್ಪಾದರೆ ಒಪ್ಪಿಕೊಂಡು ತಿದ್ದಬೇಕು. ಇವುಗಳಲ್ಲಿ ಒಂದನ್ನೂ ಯಂತ್ರ ಮಾಡಲಾರದು.

ಆ ಹೊಣೆ ಯಾರ ಹೆಗಲ ಮೇಲೂ ನಿಲ್ಲದೆ ಜಾರಿಹೋದರೆ ಏನಾಗುತ್ತದೆ ಎಂಬುದು 2024ರ ಮಾರ್ಚ್‌ನಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಎಲ್ಸೆವಿಯರ್ ಪ್ರಕಾಶನದ 'ಸರ್ಫೇಸಸ್ ಆ್ಯಂಡ್ ಇಂಟರ್‌ಫೇಸಸ್' ಪತ್ರಿಕೆಯಲ್ಲಿ ಲಿಥಿಯಂ ಬ್ಯಾಟರಿಗಳ ಕುರಿತು ಪ್ರಕಟವಾಗಿದ್ದ ಲೇಖನವೊಂದರ ಪೀಠಿಕೆಯ ಮೊದಲ ಸಾಲೇ, "ಖಂಡಿತ, ನಿಮ್ಮ ವಿಷಯಕ್ಕೆ ಹೀಗೊಂದು ಪೀಠಿಕೆ ಇರಬಹುದು" ಎಂಬರ್ಥದ ಚಾಟ್‌ಬಾಟ್‌ನ ಉತ್ತರವಾಗಿತ್ತು. ಲೇಖನವನ್ನು ಆಮೇಲೆ ಹಿಂತೆಗೆದುಕೊಳ್ಳಲಾಯಿತು. ಅದಕ್ಕೂ ಒಂದು ತಿಂಗಳ ಹಿಂದೆ ಫ್ರಂಟಿಯರ್ಸ್ ಪ್ರಕಾಶನದ ಜೀವಕೋಶ ವಿಜ್ಞಾನದ ಪತ್ರಿಕೆಯೊಂದರಲ್ಲಿ, ಯಂತ್ರ ರಚಿಸಿದ, ಅಂಗರಚನೆಗೆ ಸಂಬಂಧವೇ ಇಲ್ಲದ ಇಲಿಯ ಚಿತ್ರವೊಂದು ಅರ್ಥವಿಲ್ಲದ ಅಕ್ಷರಗಳ ಸಮೇತ ಅಚ್ಚಾಗಿತ್ತು; ಅದನ್ನೂ ಹಿಂತೆಗೆದುಕೊಳ್ಳಲಾಯಿತು. ಇವುಗಳನ್ನು ನೋಡಿ ಯಂತ್ರದ ಎಡವಟ್ಟು ಎಂದು ಹೇಳಿ ಮುಂದೆ ಹೋಗುವುದು ಸುಲಭ. ಆದರೆ ಬ್ಯಾಟರಿ ಲೇಖನದ ಆ ಸಾಲು ಸಹಲೇಖಕರು, ಸಂಪಾದಕರು, ಪರಿಶೀಲಕರು, ಕರಡು ತಿದ್ದುವವರು ಇಷ್ಟೂ ಜನರ ಕಣ್ಣೆದುರು ಹಾದುಹೋಗಿದೆ. ಅವರಲ್ಲಿ ಒಬ್ಬರಾದರೂ ಮೊದಲ ಸಾಲನ್ನು ಓದಿದ್ದರೆ ಅದು ಅಚ್ಚಾಗುತ್ತಿರಲಿಲ್ಲ. ನನ್ನನ್ನು ಕಾಡುವುದು ಈ ಓದದಿರುವಿಕೆ.

ಸಿಕ್ಕಿಬಿದ್ದವು ಇಷ್ಟಾದರೆ, ಸಿಕ್ಕಿಬೀಳದೆ ಸಾಗುತ್ತಿರುವ ಬಳಕೆಯ ಪ್ರಮಾಣ ದೊಡ್ಡದು. ಜೀವವೈದ್ಯಕೀಯ ಕ್ಷೇತ್ರದ ಒಂದೂವರೆ ಕೋಟಿಗೂ ಹೆಚ್ಚು ಲೇಖನ ಸಾರಾಂಶಗಳ ಪದಬಳಕೆಯನ್ನು ಹೋಲಿಸಿ ನೋಡಿ, 2025ರಲ್ಲಿ 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು 2024ರ ಸಾರಾಂಶಗಳಲ್ಲಿ ಕನಿಷ್ಠ ಶೇ. 13.5ರಷ್ಟು ಇಂಥ ಯಂತ್ರಗಳ ಕೈ ಹಾದು ಬಂದಿವೆ ಎಂದು ಲೆಕ್ಕ ಹಾಕಿದೆ. ಇವರೆಲ್ಲರೂ ಮೋಸಗಾರರು ಎಂದು ನಾನು ಖಂಡಿತ ಹೇಳಲಾರೆ. ಭಾಷೆ ತಿದ್ದಿಸಿಕೊಂಡವರೂ ಇದರಲ್ಲಿದ್ದಾರೆ, ಇಡೀ ವಾದವನ್ನೇ ಬರೆಸಿಕೊಂಡವರೂ ಇದ್ದಾರೆ.

ಭಾಷೆ ತಿದ್ದಿಸಿಕೊಳ್ಳುವುದರ ವಿಚಾರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನಮ್ಮ ಕಡೆಯ ಸಂಶೋಧನಾರ್ಥಿಗಳಿಗೆ ನ್ಯಾಯವಾಗಿ ಸಲ್ಲಬೇಕಾದ ನೆರವು ಇರುವುದು ಇಲ್ಲಿಯೇ. ಹತ್ತನೇ ತರಗತಿಯವರೆಗೆ, ಎಷ್ಟೋ ಸಲ ಪದವಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಒಬ್ಬ ಹುಡುಗಿ ಮಣ್ಣಿನ ಫಲವತ್ತತೆಯ ಮೇಲೋ ಸ್ವಸಹಾಯ ಸಂಘಗಳ ಸಾಲದ ಮೇಲೋ ಮೂರು ವರ್ಷ ಕ್ಷೇತ್ರಕಾರ್ಯ ಮಾಡಿ ಒಳ್ಳೆಯ ದತ್ತಾಂಶ ಕೂಡಿಹಾಕುತ್ತಾಳೆ. ಆದರೆ ಅವಳ ಲೇಖನ ಇಂಗ್ಲಿಷಿನ ತೊಡಕಿಗಾಗಿಯೇ ತಿರಸ್ಕೃತವಾಗಿ ಹಿಂದಿರುಗುತ್ತದೆ. ದೊಡ್ಡ ಊರಿನಲ್ಲಿ, ಅನುಕೂಲವುಳ್ಳ ಸಂಸ್ಥೆಯಲ್ಲಿ ಇದ್ದವರು ದುಡ್ಡು ಕೊಟ್ಟು ಭಾಷಾ ಸಂಪಾದಕರಿಂದ ತಿದ್ದಿಸಿಕೊಳ್ಳುತ್ತಿದ್ದರು. ಅದನ್ನು ಯಾರೂ ಅನೈತಿಕ ಎನ್ನುತ್ತಿರಲಿಲ್ಲ. ಅದೇ ನೆರವು ಈಗ ಅವಳ ಫೋನಿನಲ್ಲಿ ಸಿಗುತ್ತಿದೆ ಎಂದರೆ ಹುಬ್ಬು ಗಂಟಿಕ್ಕುವುದು ಸರಿಯಲ್ಲ.

ಆದರೂ ಅಲ್ಲೊಂದು ಎಚ್ಚರ ಬೇಕು. ಉದಾಹರಣೆಗೆ, ಅವಳು ತನಗೆ ಬಂದಷ್ಟು ಇಂಗ್ಲಿಷಿನಲ್ಲಿ, "ಹನಿ ನೀರಾವರಿ ಅಳವಡಿಸಿಕೊಂಡ ರೈತರಲ್ಲಿ ಆದಾಯ ಹೆಚ್ಚಿರುವುದು ಕಂಡುಬಂತು" ಎಂಬರ್ಥದ ವಾಕ್ಯ ಬರೆದಿದ್ದಾಳೆ ಎಂದಿಟ್ಟುಕೊಳ್ಳಿ. ಚಾಟ್‌ಬಾಟ್ ಅದನ್ನು ಅಂದಗೊಳಿಸಿ, "ಹನಿ ನೀರಾವರಿಯು ರೈತರ ಆದಾಯವನ್ನು ಗಣನೀಯವಾಗಿ ಹೆಚ್ಚಿಸುತ್ತದೆ" ಎಂದು ಕೊಡಬಹುದು. ವ್ಯಾಕರಣದ ದೃಷ್ಟಿಯಿಂದ ಎರಡನೆಯದೇ ಚೆಂದ. ಆದರೆ ಮೊದಲನೆಯ ವಾಕ್ಯ ಹೇಳಿದ್ದು ಕಂಡದ್ದನ್ನು. ಎರಡನೆಯದು ಹೇಳುತ್ತಿರುವುದು ಕಾರಣವನ್ನು. ಮೊದಲೇ ಅನುಕೂಲಸ್ಥರಾಗಿದ್ದ ರೈತರು ಹನಿ ನೀರಾವರಿ ಹಾಕಿಸಿಕೊಂಡಿರಬಹುದಲ್ಲವೇ? ಆ ಸಾಧ್ಯತೆಯನ್ನು ಅವಳ ವಾಕ್ಯ ಮುಚ್ಚಿರಲಿಲ್ಲ, ತಿದ್ದಿದ ವಾಕ್ಯ ಮುಚ್ಚಿಬಿಟ್ಟಿತು. 'ಗಣನೀಯವಾಗಿ' ಎಂಬುದಕ್ಕೆ ಇಂಗ್ಲಿಷಿನಲ್ಲಿ ಬಳಸುವ 'ಸಿಗ್ನಿಫಿಕೆಂಟ್' ಎಂಬ ಮಾತಿಗೆ ಸಂಖ್ಯಾಶಾಸ್ತ್ರದಲ್ಲಿ ಬೇರೆಯೇ ಒಂದು ನಿಖರ ಅರ್ಥವಿದೆ. ಅದಕ್ಕೆ ತಕ್ಕ ಪರೀಕ್ಷೆಯನ್ನು ಅವಳು ಮಾಡಿಯೇ ಇಲ್ಲದಿರಬಹುದು. ವೈವಾದಲ್ಲಿ ಪರೀಕ್ಷಕರ ಬೆರಳು ಬೀಳುವುದು ಸರಿಯಾಗಿ ಈ ಪದದ ಮೇಲೆಯೇ. ಹಾಗಾಗಿ ಭಾಷೆ ತಿದ್ದಿಸಿಕೊಳ್ಳುವವರು ಇಡೀ ಅಧ್ಯಾಯವನ್ನು ಒಮ್ಮೆಗೇ ಸುರಿದು, ಬಂದದ್ದನ್ನು ಹಾಗೇ ಅಂಟಿಸುವ ಬದಲು, ಒಂದೊಂದು ಕಂಡಿಕೆಯನ್ನು ಕೊಟ್ಟು, ಏನು ಬದಲಾಯಿತು, ಏಕೆ ಬದಲಾಯಿತು ಎಂದು ಸಾಲುಸಾಲಾಗಿ ಹೋಲಿಸಿ ನೋಡಿಕೊಳ್ಳಬೇಕು. ಇದು ನಿಧಾನದ ಕೆಲಸ. ಆದರೆ ಹೀಗೆ ಹೋಲಿಸುತ್ತ ಹೋದವರಿಗೆ ಇಂಗ್ಲಿಷೂ ಬರುತ್ತದೆ, ತಮ್ಮ ವಾದದ ಮೇಲಿನ ಹಿಡಿತವೂ ಬಿಗಿಯಾಗುತ್ತದೆ.

ಆಕರಗಳ ವಿಷಯಕ್ಕೆ ಬಂದರೆ ಇಷ್ಟು ಸೌಮ್ಯವಾಗಿ ಮಾತಾಡಲು ಆಗುವುದಿಲ್ಲ. ಚಾಟ್‌ಬಾಟ್ ತನ್ನ ಮೂಲ ಸ್ವರೂಪದಲ್ಲಿ ಮಾಡುವುದು ಇಷ್ಟು: ಓದಿಸಿದ ಅಪಾರ ಪಠ್ಯದ ಆಧಾರದ ಮೇಲೆ, ಇಲ್ಲಿಯವರೆಗಿನ ಮಾತಿನ ಮುಂದೆ ಯಾವ ತುಣುಕು ಬಂದರೆ ಹೊಂದುತ್ತದೆ ಎಂದು ಊಹಿಸುತ್ತ ಹೋಗುವುದು. ಗ್ರಂಥಋಣದ ನಮೂದು ಈ ಊಹೆಗೆ ಬಹಳ ಸುಲಭವಾದ ತುತ್ತು, ಏಕೆಂದರೆ ಅದರ ಅಚ್ಚು ಯಾವಾಗಲೂ ಒಂದೇ: ಲೇಖಕರ ಹೆಸರು, ವರ್ಷ, ಶೀರ್ಷಿಕೆ, ಪತ್ರಿಕೆ, ಸಂಪುಟ, ಪುಟ. ಆ ಕ್ಷೇತ್ರದಲ್ಲಿ ನಿಜವಾಗಿ ಕೆಲಸ ಮಾಡಿದವರ ಹೆಸರು, ನಿಜವಾದ ಪತ್ರಿಕೆಯ ಹೆಸರು, ನಂಬುವಂಥ ಶೀರ್ಷಿಕೆ ಎಲ್ಲವೂ ಸೇರಿ ಎಂದೂ ಬರೆಯದ ಲೇಖನವೊಂದು ಹುಟ್ಟಿಬಿಡುತ್ತದೆ. ಅಂತರ್ಜಾಲವನ್ನು ಹುಡುಕಿ ಉತ್ತರಿಸುವ ಹೊಸ ಸಾಧನಗಳಲ್ಲಿ ಈ ದೋಷ ಕಡಿಮೆಯಾಗಿದ್ದರೂ ಇನ್ನೊಂದು ದೋಷ ಉಳಿದಿದೆ: ಲೇಖನ ನಿಜವಾಗಿ ಇರುತ್ತದೆ, ಆದರೆ ಅದು ಹೇಳಿದೆ ಎನ್ನಲಾದ ಮಾತು ಅದರಲ್ಲಿ ಇರುವುದಿಲ್ಲ. ಈ ಎರಡನೆಯದನ್ನು ಹಿಡಿಯುವುದು ಹೆಚ್ಚು ಕಷ್ಟ. ಪ್ರತಿ ಲೇಖನವನ್ನು ಗುರುತಿಸಲು ಕೊಡುವ, 10 ಎಂಬ ಅಂಕಿಯಿಂದ ಶುರುವಾಗುವ ಡಿಒಐ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹಾಕಿ ನೋಡಿದರೆ ಲೇಖನ ಇದೆಯೋ ಇಲ್ಲವೋ ತಿಳಿಯುತ್ತದೆ. ಅದರೊಳಗೆ ಏನಿದೆ ಎಂದು ತಿಳಿಯಲು ತೆರೆದು ಓದುವುದಲ್ಲದೆ ಬೇರೆ ದಾರಿಯಿಲ್ಲ. ಮೂಲ ಲೇಖನ ಕೈಗೆ ಸಿಗುವುದಿಲ್ಲ, ಚಂದಾ ದುಬಾರಿ ಎಂಬ ಹಳೆಯ ಅಡಚಣೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ಮಟ್ಟಿಗೆ ಈಗ ಬಹುಪಾಲು ನಿವಾರಣೆಯಾಗಿದೆ. 2025ರ ಜನವರಿಯಿಂದ ಜಾರಿಗೆ ಬಂದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಅವುಗಳಿಗೆ ತೆರೆದಿವೆ. ಆದ್ದರಿಂದ ತಾನು ತೆರೆದು ಓದದ ಒಂದೇ ಒಂದು ಆಕರವೂ ಪ್ರಬಂಧದಲ್ಲಿ ಇರಕೂಡದು ಎಂಬ ನಿಯಮವನ್ನು ಮಾರ್ಗದರ್ಶಕರು ಯಾವ ಮುಲಾಜಿಲ್ಲದೆ ಹಾಕಬಹುದು.

ಇಷ್ಟರ ನಡುವೆ ನಮ್ಮ ವಿಭಾಗಗಳಲ್ಲಿ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ಮಾತ್ರ ಬೇರೆ: "ಪರ್ಸೆಂಟೇಜ್ ಎಷ್ಟು ಬಂತು?" ಪ್ರಬಂಧದ ಎಷ್ಟು ಪಾಲು ಬೇರೆಯವರ ಬರಹವನ್ನು ಹೋಲುತ್ತದೆ ಎಂದು ತಂತ್ರಾಂಶ ಹೇಳುವ ಲೆಕ್ಕ ಅದು. ಇದಕ್ಕೆ ಮೂಲ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಕೃತಿಚೌರ್ಯ ತಡೆ ನಿಯಮಾವಳಿ. ಅದರ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಅಂದಿನ ಪರಿಸ್ಥಿತಿಗೆ ಬೇಕಾಗಿದ್ದ ನಿಯಮ ಅದು. ಆದರೆ ತಂತ್ರಾಂಶ ಅಳೆಯುವುದು ಪದಗಳ ಹೋಲಿಕೆಯನ್ನು, ಬರೆದವರ ಪ್ರಾಮಾಣಿಕತೆಯನ್ನಲ್ಲ. ಬೇರೆಯವರ ಪುಟವನ್ನು ಚಾಟ್‌ಬಾಟ್‌ಗೆ ಕೊಟ್ಟು ಪದ ಬದಲಿಸಿಕೊಂಡರೆ ಹೋಲಿಕೆ ಇಳಿಯುತ್ತದೆ, ಕದ್ದದ್ದು ಕದ್ದದ್ದಾಗಿಯೇ ಉಳಿಯುತ್ತದೆ. ಇನ್ನು ಚಾಟ್‌ಬಾಟ್ ತಾನಾಗಿ ರಚಿಸಿಕೊಟ್ಟ ಅಧ್ಯಾಯವಂತೂ ಶೇ. 10ರ ಗೆರೆಯೊಳಗೆ ನಿರಾಯಾಸವಾಗಿ ನಿಲ್ಲಬಲ್ಲದು. ಬೇರೊಬ್ಬರ ಕೃತಿಯನ್ನೋ ವಿಚಾರವನ್ನೋ ತನ್ನದೆಂದು ತೋರಿಸುವುದೇ ಕೃತಿಚೌರ್ಯ ಎಂಬುದು ಆ ನಿಯಮಾವಳಿಯ ವ್ಯಾಖ್ಯೆ; ಇಲ್ಲಿ ಆ ಬೇರೊಬ್ಬರು ಯಾರು ಎಂದು ತೋರಿಸುವುದೇ ಕಷ್ಟ. ಪರ್ಸೆಂಟೇಜ್ ಇಳಿಸುವ ಈ ಚಟ ಚಾಟ್‌ಬಾಟ್‌ಗಳಿಗಿಂತ ಹಳೆಯದು. ಫ್ರಾನ್ಸಿನ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು 2021ರಲ್ಲೇ, ಪದ ಬದಲಿಸುವ ತಂತ್ರಾಂಶಗಳು 'ಆರ್ಟಿಫಿಶಿಯಲ್ ಇಂಟೆಲಿಜೆನ್ಸ್' ಎಂಬುದನ್ನು 'ಖೋಟಾ ಪ್ರಜ್ಞೆ' ಎಂಬರ್ಥದ ಮಾತಾಗಿಸಿದಂಥ ವಿಕಾರಗಳನ್ನು ನೂರಾರು ಲೇಖನಗಳಿಂದ ಹೆಕ್ಕಿ ತೋರಿಸಿದ್ದರು. ಆಗ ವಿಕಾರ ಕಣ್ಣಿಗೆ ಹೊಡೆಯುತ್ತಿತ್ತು. ಈಗಿನ ಯಂತ್ರಗಳು ಪದ ಬದಲಿಸಿದರೆ ಗುರುತೇ ಸಿಗುವುದಿಲ್ಲ.

ಹಾಗಾದರೆ ಎಐ ಪತ್ತೆ ಮಾಡುವ ತಂತ್ರಾಂಶವನ್ನೇ ತಂದು ಕೂರಿಸಿದರಾಯಿತಲ್ಲ ಎನ್ನುವವರಿದ್ದಾರೆ. ಅದನ್ನು ನಂಬಿ ಒಬ್ಬ ವಿದ್ಯಾರ್ಥಿಯ ಭವಿಷ್ಯವನ್ನು ತೀರ್ಮಾನಿಸುವುದು ಅನ್ಯಾಯ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಸಂಸ್ಥೆಯೇ ತಾನು ಹೊರತಂದ ಪತ್ತೆ ಸಾಧನವನ್ನು, ನಿಖರತೆ ಸಾಲದೆಂದು 2023ರ ಜುಲೈನಲ್ಲಿ ವಾಪಸು ತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗಾಗಿ ತಾವೇ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಕೊಟ್ಟು ನೋಡಿದಾಗ, ಸರಾಸರಿ ಶೇ. 61ಕ್ಕೂ ಹೆಚ್ಚನ್ನು ಅವು ಯಂತ್ರ ಬರೆದದ್ದೆಂದು ತಪ್ಪಾಗಿ ಗುರುತಿಸಿದವು. ಸರಳ ಪದ, ನೇರ ವಾಕ್ಯರಚನೆ, ಕಲಿತ ಚೌಕಟ್ಟಿನೊಳಗೆ ಬರೆಯುವ ಅಭ್ಯಾಸ, ಇವೇ ಅವರ ತಪ್ಪುಗಳು. ನಮ್ಮ ಕನ್ನಡ ಮಾಧ್ಯಮದ ಹುಡುಗಿಯ ಇಂಗ್ಲಿಷೂ ಹಾಗೆಯೇ ಇರುತ್ತದೆ. ಅವಳು ಚಾಟ್‌ಬಾಟ್ ಮುಟ್ಟದೆ ಬರೆದರೂ ಯಂತ್ರವೆಂಬ ಆರೋಪ ಬರಬಹುದು. ಅದನ್ನು ಜಾಣತನದಿಂದ ಬಳಸಿದವನು ಪಾರಾಗಿಬಿಡಬಹುದು.

ಪತ್ತೆ ಮಾಡುವುದಕ್ಕಿಂತ ಹೇಳಿಕೊಳ್ಳುವುದನ್ನು ಸುಲಭಗೊಳಿಸುವುದೇ ಉತ್ತಮ ದಾರಿ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಎಲ್ಸೆವಿಯರ್‌ನಂಥ ಪ್ರಕಾಶಕರು ಇದಕ್ಕಾಗಿ ಗ್ರಂಥಋಣದ ಪಟ್ಟಿಗೆ ಮೊದಲು ಒಂದು ಪ್ರತ್ಯೇಕ ಘೋಷಣೆಯನ್ನು ಕೇಳುತ್ತಾರೆ. ಕನ್ನಡದಲ್ಲಿ ಅದು ಹೀಗಿರಬಹುದು: "ಈ ಲೇಖನದ ಎರಡು ಮತ್ತು ಮೂರನೆಯ ಭಾಗಗಳ ಭಾಷೆಯನ್ನು ತಿದ್ದಲು ಇಂಥ ಚಾಟ್‌ಬಾಟ್‌ನ ಇಂಥ ಆವೃತ್ತಿಯನ್ನು ಇಂಥ ತಿಂಗಳಲ್ಲಿ ಬಳಸಲಾಗಿದೆ. ದತ್ತಾಂಶ, ವಿಶ್ಲೇಷಣೆ ಮತ್ತು ತೀರ್ಮಾನಗಳು ಲೇಖಕರವು. ತಿದ್ದಿದ ಪಠ್ಯವನ್ನು ಲೇಖಕರು ಪೂರ್ತಿಯಾಗಿ ಪರಿಶೀಲಿಸಿದ್ದು, ಅದರ ಸಂಪೂರ್ಣ ಹೊಣೆ ಅವರದೇ." 'ಎಐ ನೆರವು ಪಡೆಯಲಾಗಿದೆ' ಎಂಬ ಒಂದು ಸಾಲಿನ ಮುಗುಮ್ಮಾದ ಒಕ್ಕಣೆಯಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ, ಎಲ್ಲಿ, ಏತಕ್ಕೆ, ಎಷ್ಟು ಎಂಬುದು ತಿಳಿಯಬೇಕು. ಹೀಗೆ ಹೇಳಿಕೊಂಡವರನ್ನು ಅನುಮಾನದಿಂದ ನೋಡುವ ವಾತಾವರಣ ಇದ್ದರೆ ಮಾತ್ರ ಯಾರೂ ಹೇಳಿಕೊಳ್ಳುವುದಿಲ್ಲ. ಅದನ್ನು ಬದಲಿಸುವುದು ವಿದ್ಯಾರ್ಥಿಗಳ ಕೈಯಲ್ಲಿಲ್ಲ, ಗೈಡ್‌ಗಳ ಕೈಯಲ್ಲಿದೆ.

ಬರವಣಿಗೆಯ ಆಚೆಗೂ ಕೆಲವು ಗೆರೆಗಳಿವೆ. ಸಂದರ್ಶನ ಕೊಟ್ಟ ಪೌರಕಾರ್ಮಿಕರ ಮಾತುಗಳನ್ನೋ ರೋಗಿಗಳ ವಿವರಗಳನ್ನೋ ಹೆಸರು, ಊರು ಸಮೇತ ಚಾಟ್‌ಬಾಟ್‌ಗೆ ಹಾಕಿ ಸಾರಾಂಶ ಮಾಡಿಸುವುದು ಅವರಿಗೆ ಕೊಟ್ಟ ಮಾತಿಗೆ ತಪ್ಪಿದಂತೆ. ಒಪ್ಪಿಗೆ ಪತ್ರದಲ್ಲಿ ಅವರು ಸಹಿ ಹಾಕಿದ್ದು ಸಂಶೋಧಕರನ್ನು ನಂಬಿ, ಯಾವುದೋ ಕಂಪನಿಯ ಸರ್ವರನ್ನಲ್ಲ. ಪ್ರಕಟಣೆಗೂ ಮುನ್ನ ಪರಿಶೀಲನೆಗೆಂದು ಬಂದ ಬೇರೆಯವರ ಲೇಖನವನ್ನು ಚಾಟ್‌ಬಾಟ್‌ಗೆ ಕೊಟ್ಟು ಅಭಿಪ್ರಾಯ ಬರೆಸುವುದೂ ಇಂಥದ್ದೇ ನಂಬಿಕೆದ್ರೋಹ. 2025ರ ಜುಲೈನಲ್ಲಿ ಜಪಾನಿನ 'ನಿಕ್ಕೇ' ಪತ್ರಿಕೆ, ಹಲವು ದೇಶಗಳ ಸಂಶೋಧಕರು ಕರಡು ಲೇಖನಗಳಲ್ಲಿ ಕಣ್ಣಿಗೆ ಕಾಣದ ಬಿಳಿ ಅಕ್ಷರಗಳಲ್ಲಿ "ಒಳ್ಳೆಯ ಅಭಿಪ್ರಾಯವನ್ನೇ ಕೊಡು" ಎಂಬ ಸೂಚನೆಯನ್ನು ಚಾಟ್‌ಬಾಟ್‌ಗಳಿಗಾಗಿ ಅಡಗಿಸಿಟ್ಟಿದ್ದನ್ನು ಬಯಲಿಗೆಳೆಯಿತು. ಬರೆದವರು, ಪರಿಶೀಲಿಸುವವರು ಇಬ್ಬರೂ ಓದುವುದನ್ನು ಬಿಟ್ಟರೆ ಜ್ಞಾನವೆಂಬುದು ಎರಡು ಯಂತ್ರಗಳ ನಡುವಿನ ಪತ್ರವ್ಯವಹಾರವಾಗಿಬಿಡುತ್ತದೆ.

ಕನ್ನಡ ಸಾಹಿತ್ಯ, ಶಾಸನ, ಸಂಸ್ಕೃತಿಗಳ ಸಂಶೋಧನೆಯಲ್ಲಿ ಅಪಾಯ ಇನ್ನೂ ಹತ್ತಿರದ್ದು. ಯಂತ್ರಗಳು ಓದಿರುವ ಕನ್ನಡ ಪಠ್ಯ ಇಂಗ್ಲಿಷಿಗೆ ಹೋಲಿಸಿದರೆ ತೀರಾ ಕಡಿಮೆ. ನಮ್ಮ ಹಳೆಯ ಗ್ರಂಥಗಳೂ ಸಂಶೋಧನಾ ಪತ್ರಿಕೆಗಳೂ ಬಹಳಷ್ಟು ಅಚ್ಚಿನಲ್ಲಿಯೇ ಉಳಿದಿವೆ. 'ಕಾಯಕವೇ ಕೈಲಾಸ' ಎಂಬ ಮಾತನ್ನೇ ತೆಗೆದುಕೊಳ್ಳಿ. ಬಸ್ಸಿನ ಹಿಂಭಾಗದಿಂದ ಹಿಡಿದು ಭಾಷಣಗಳವರೆಗೆ ಅದು ಬಸವಣ್ಣನವರದೆಂದೇ ಪ್ರಚಾರದಲ್ಲಿದೆ. ವಚನದಲ್ಲಿ ಅದು ಬರುವುದು ಆಯ್ದಕ್ಕಿ ಮಾರಯ್ಯನವರಲ್ಲಿ, 'ಅಮರೇಶ್ವರಲಿಂಗ' ಎಂಬ ಅಂಕಿತದೊಡನೆ. ಜನರ ನಡುವೆ ಹೆಚ್ಚು ಬಾರಿ ಬಂದದ್ದನ್ನೇ ಯಂತ್ರ ಹೆಚ್ಚು ಸರಿಯೆಂಬಂತೆ ಹೇಳುವುದರಿಂದ, ಪರಿಶೀಲಿಸದೆ ಬರೆದವರ ಪ್ರಬಂಧದಲ್ಲಿ ಮಾರಯ್ಯನವರ ಮಾತು ಬಸವಣ್ಣನವರ ಖಾತೆಗೆ ಹೋಗುತ್ತದೆ. ಇನ್ನು ಅಪರೂಪದ ವಚನವೊಂದನ್ನು ಕೊಡು ಎಂದು ಒತ್ತಾಯಿಸಿದರೆ ಯಂತ್ರ ತಾನೇ ಐದಾರು ಸಾಲು ಹೆಣೆದು, 'ಅಯ್ಯಾ' ಎಂದು ತೊಡಗಿಸಿ, ಕೊನೆಗೆ 'ಕೂಡಲಸಂಗಮದೇವಾ' ಎಂದು ಮುಗಿಸಿಕೊಡಬಲ್ಲದು. ವಚನಗಳ ಮೂಲಪಾಠಗಳನ್ನು ಬಲ್ಲವರಿಗೆ ಅದರ ನಡೆಯಲ್ಲೇ ಅನುಮಾನ ಬರುತ್ತದೆ: 'ಮಾಡಿದಡೆ', 'ನುಡಿದಡೆ' ಎಂದಿರಬೇಕಾದಲ್ಲಿ ಇಂದಿನ 'ಮಾಡಿದರೆ', 'ನುಡಿದರೆ', ನಡುವೆ ಎಲ್ಲೋ ಇಪ್ಪತ್ತನೆಯ ಶತಮಾನದ 'ಸಮಾನತೆ'. ಮೊದಲ ವರ್ಷದ ಸಂಶೋಧನಾರ್ಥಿಗೆ ಆ ಅನುಮಾನ ಬಾರದೆ ಹೋಗಬಹುದು.

ಅಂಥದೊಂದು ಸಾಲು ಮಹಾಪ್ರಬಂಧ ಸೇರಿ, ಮಹಾಪ್ರಬಂಧ ದೇಶದ ಪ್ರಬಂಧಗಳನ್ನು ಅಂತರ್ಜಾಲದಲ್ಲಿ ಕೂಡಿಡುವ ಶೋಧಗಂಗಾ ಭಂಡಾರ ಸೇರಿದರೆ ಅದಕ್ಕೆ ಆಕರದ ಮರ್ಯಾದೆ ಬಂದುಬಿಡುತ್ತದೆ. ಮುಂದಿನ ಸಂಶೋಧಕರು ಅದನ್ನು ಉಲ್ಲೇಖಿಸುತ್ತಾರೆ, ಮುಂದಿನ ಯಂತ್ರ ಅದನ್ನು ಓದಿ ಕಲಿಯುತ್ತದೆ. ವಿಜ್ಞಾನದಲ್ಲಿ ಇದು ಆಗಿಹೋಗಿದೆ. 1950ರ ದಶಕದ ಲೇಖನವನ್ನು ಸ್ಕ್ಯಾನ್ ಮಾಡುವಾಗ ಅಕ್ಕಪಕ್ಕದ ಎರಡು ಅಂಕಣಗಳ ಪದಗಳು ಬೆರೆತು 'ವೆಜಿಟೇಟಿವ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ' ಎಂಬ, ಜಗತ್ತಿನಲ್ಲೇ ಇಲ್ಲದ ಸೂಕ್ಷ್ಮದರ್ಶನ ವಿಧಾನವೊಂದು ಹುಟ್ಟಿಕೊಂಡಿತು. ಅದು ಇತ್ತೀಚಿನ ಲೇಖನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿದೆ, ಯಂತ್ರಗಳ ನಾಲಿಗೆಯ ಮೇಲೂ ಕೂತಿದೆ.

ಫ.ಗು. ಹಳಕಟ್ಟಿಯವರು ಊರೂರು, ಮನೆಮನೆ ಅಲೆದು ವಚನಗಳ ತಾಳೆಯೋಲೆ ಕಟ್ಟುಗಳನ್ನು ಕೂಡಿಹಾಕಿದರು. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಹೊರತಂದಿತು. ಅಲ್ಲಿ ಪ್ರತಿ ವಚನಕ್ಕೂ ಒಂದು ಸಂಖ್ಯೆಯಿದೆ. ಪ್ರಬಂಧದಲ್ಲಿ ಬರುವ ಪ್ರತಿ ವಚನದ ಅಡಿಟಿಪ್ಪಣಿಯಲ್ಲೂ ಸಂಪುಟ ಮತ್ತು ವಚನದ ಸಂಖ್ಯೆ ಇರಲೇಬೇಕು, ಶಾಸನವಾದರೆ 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟ, ತಾಲ್ಲೂಕು, ಸಂಖ್ಯೆ ಇರಲೇಬೇಕು ಎಂದು ನಮ್ಮ ಕನ್ನಡ ವಿಭಾಗಗಳು ಮುಂದಿನ ಕೋರ್ಸ್ ವರ್ಕ್‌ನಿಂದಲೇ ಹೇಳಬಹುದು. ವೈವಾದ ದಿನ ಆ ಸಂಪುಟಗಳನ್ನು ಗ್ರಂಥಾಲಯದಿಂದ ತರಿಸಿ ಮೇಜಿನ ಮೇಲೆ ಇಟ್ಟುಕೊಳ್ಳಬಹುದು. ಪರೀಕ್ಷಕರು ಒಂದು ವಚನದ ಮೇಲೆ ಬೆರಳಿಟ್ಟಾಗ, ಅಭ್ಯರ್ಥಿ ಎದ್ದು ಬಂದು ಆ ಪುಟವನ್ನು ತೆರೆದು ತೋರಿಸಲಿ.